ವಿನೆಗರ್ ತರುವವಳು

ಬಾಟಲಿ ಖಾಲಿಯಾದಾಗ ನನ್ನನ್ನೇ ಕಳಿಸುತ್ತಾರೆ.
ಜಿಲ್ಲೆಯಿಂದ ಬರಬೇಕಾದ್ದು ಬರುವುದಿಲ್ಲ,
ಬಂದರೆ ಮುಚ್ಚಳ ಒಡೆದಿರುತ್ತದೆ.
ಅಂಗಡಿಯ ಕಲಿಂಡೆ ಪ್ರತಿ ಸಲ ಕೇಳುತ್ತಾನೆ:
"ಏನು ಎನೆಲೆಸಿ, ಇವತ್ತು ಆಸ್ಪತ್ರೆಯಲ್ಲಿ ಚಿಪ್ಸಾ?"
ಹೌದೆನ್ನುತ್ತೇನೆ. ಅಷ್ಟು ಗಂಡಸರ ಎದುರು ಬೇರೇನು ಹೇಳಲಿ,
ಆಲೂಗಡ್ಡೆ ಕರಿಯುವವರು ಚಿಮುಕಿಸುವ ಇದೇ ಹುಳಿನೀರು
ಅಲ್ಲಿ ಹೆಂಗಸಿನ ಒಳಗನ್ನು ಓದುತ್ತದೆ ಎಂದೇ?

ಆರು ವರ್ಷದಿಂದ ನಾನು ಆ ಕೋಣೆಯ ಬಾಗಿಲವಳು.
ನೆಲ ಒರೆಸುವುದು, ಉಪಕರಣ ಕುದಿಸುವುದು,
ಹೆಸರು ಕೂಗುವುದು, ಪರದೆ ಎಳೆಯುವುದು.
ನ್ಖೋಟಕೋಟದ ದಂಡೆಯಿಂದ ಬರುತ್ತಾರೆ,
ಕೈಯೆಲ್ಲ ಉಸಿಪಾ ಮೀನಿನ ವಾಸನೆ,
ಚಿತೆಂಜೆ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿದ ಕೂಸು.
ಬೆಂಚಿನ ಮೇಲಿನ ಪಿಸುಮಾತೆಲ್ಲ
ನೆಲ ಒರೆಸುವವಳ ಕಿವಿಗೆ ಬೀಳುತ್ತದೆ.
ಗರ್ಭಚೀಲ ಕಿತ್ತು ಬಕೆಟ್ಟಿಗೆ ಹಾಕುತ್ತಾರಂತೆ.
ಬಕೆಟ್ಟು ನನ್ನದು, ಸೋಪಿನ ನೀರು ಬಿಟ್ಟು ಬೇರೆ ಕಂಡಿಲ್ಲ.
ನಾಲ್ಕು ಗಂಡಸರನ್ನು ಕಂಡವಳಿಗೆ ಮಾತ್ರ ಬರುವುದಂತೆ.
ನೋವಿಲ್ಲ, ರಕ್ತವಿಲ್ಲ, ಮತ್ತೇಕೆ ಕಾಲಗಲಿಸಿ ಮಲಗುವುದು?
ನೋಡುವವರು ಗಂಡಸೋ ಹೆಂಗಸೋ? ಗಂಡಸಾದರೆ ನಾನು ಹೊರಟೆ.
ಒಬ್ಬಳು ಹೊರಟೇಬಿಟ್ಟಳು, ಕಾರ್ಡು ಬೆಂಚಿನ ಮೇಲೇ ಬಿಟ್ಟು.

ನಾನು ನಗುತ್ತಿದ್ದೆ.
ನಗುವವಳು ಒಂದು ದಿನವೂ
ಆ ಮೇಜಿನ ಮೇಲೆ ಮಲಗಿರಲಿಲ್ಲ.

ಚಿಕ್ಕಮ್ಮ ಫಲೇಸಿಯ ಕೊನೆಯ ತಿಂಗಳುಗಳಲ್ಲಿ
ಮನೆಯವರು ಹಗಲಲ್ಲೂ ನೀಲಗಿರಿ ಎಲೆ ಸುಡುತ್ತಿದ್ದರು.
ಸೊಳ್ಳೆಗೆ ಅಂದರು. ನಮಗೆಲ್ಲ ಗೊತ್ತಿತ್ತು ಯಾವುದಕ್ಕೆಂದು.
ಒಗೆದ ಬಟ್ಟೆಯನ್ನವಳು ತಂತಿಗೆ ಹಾಕಲಿಲ್ಲ,
ಮಂಚದ ಕೆಳಗೇ ಒಣಗಿಸಿಕೊಂಡಳು.
ಸತ್ತಾಗ ಹೊಟ್ಟೆನೋವು ಎಂದರು. ಪಾದ್ರಿಯೂ ಹೊಟ್ಟೆಯೆಂದ.
ನಮ್ಮ ಚಿಚೆವಾದಲ್ಲಿ ಆ ಜಾಗಕ್ಕೆ ಬಾಗಿಲು ಎಂದು ಹೆಸರು,
ಗರ್ಭದ ಬಾಗಿಲು.
ಅಷ್ಟು ಜನರಲ್ಲಿ ಒಬ್ಬರಿಗೂ
ಅದನ್ನು ಹೇಳಲು ಬಾಯಿ ಬರಲಿಲ್ಲ.

ಮೊನ್ನೆ ಮಂಗಳವಾರ ಮಳೆ. ಬೆಂಚು ಖಾಲಿ.
ನರ್ಸ್ ಡೊರೊಫೆ ಕೈಗವಸು ಹಾಕಿಕೊಂಡೇ ಕೂತಿದ್ದಳು.
"ಬೆರೆಸಿದ್ದನ್ನು ಸಂಜೆಗೆ ಚೆಲ್ಲಬೇಕು. ಬಾ ನೀನೇ,
ನಿನ್ನ ದುಡ್ಡಿನ ಬಾಟಲಿ ಅಲ್ಲವೇ" ಎಂದಳು.
ಹೀಗೆ, ದಂಡವಾಗುವ ಚೂರು ವಿನೆಗರಿಗೆ ಮರುಗಿ
ನಾನು ಮಲಗಿದೆ.

ಉಕ್ಕು ನಾನೇ ಕುದಿಸಿದ್ದು, ಆದರೂ ತಣ್ಣಗಿತ್ತು.
"ಒಂದು ನಿಮಿಷ" ಎಂದು ಅವಳು ಗಡಿಯಾರ ನೋಡಿದಳು.
ಪರದೆಯಾಚೆ ಎಷ್ಟೋ ಸಾವಿರ ಸಲ ಕಳೆದ ನಿಮಿಷ,
ಈಚೆಗೆ ಇಷ್ಟು ಉದ್ದವೆಂದು ಯಾರೂ ಹೇಳಿರಲಿಲ್ಲ.
ಚಾವಣಿಯ ತಗಡಿನಲ್ಲಿ ಹದಿಮೂರು ಮೊಳೆ,
ಒಂದರ ಸುತ್ತ ತುಕ್ಕು, ಮೂಲೆಯಲ್ಲಿ ಜೇಡರ ಬಲೆ.
ಆರು ವರ್ಷದಲ್ಲಿ ನಾನು ಮೇಲೆ ಗುಡಿಸಿಯೇ ಇಲ್ಲವಲ್ಲ.

"ಬಿಳಿ ಇದೆ" ಎಂದಳು, "ಜೋಳದ ಕಾಳಿನಷ್ಟು.
ಕ್ಯಾನ್ಸರ್ ಅಲ್ಲ. ಬಿಟ್ಟರೆ ಆಗಬಹುದಾದ್ದು. ಇವತ್ತೇ ಸುಟ್ಟುಬಿಡೋಣ."
ಬಿಸಿ ಸಲಾಕೆ, ಮುಟ್ಟಿನ ದಿನದಂಥ ಒಂದು ಹಿಂಡು,
ಮುಗಿಯಿತು. ಎದ್ದವಳು ಮೇಜು ನಾನೇ ಒರೆಸಿದೆ, ರೂಢಿ.

ಕಷ್ಟದ್ದು ಆಮೇಲಿನದು:
ಆರು ವಾರ ಗಂಡನ ಪಕ್ಕ ಬರಿದೆ ಮಲಗಬೇಕು.
ಎಷ್ಟು ಹೆಂಗಸರಿಗೆ ನಾನೇ ಅಂದಿದ್ದೆ
"ತಿಳಿಸಿ ಹೇಳಿ, ಕೇಳುತ್ತಾರೆ" ಅಂತ, ಎಷ್ಟು ಸಲೀಸಾಗಿ.

ಯೊಸೊಫಾಟಿ ಬಲೆ ಬಿಡಿಸುತ್ತಿದ್ದ. ಮಳೆ ನಿಂತಿತ್ತು,
ಚಂದ್ರನಿಲ್ಲದ ರಾತ್ರಿ, ದೀಪದ ದೋಣಿಗಳು ಹೊರಡುವ ಹೊತ್ತು.
ಹೇಳಿದೆ. ಬಾಗಿಲು ಎಂದೇ ಹೇಳಿದೆ.
"ಆರು ವಾರ?" ಅಂದ. "ಯಾರಿಂದ ಬಂತು?" ಅಂದ.
"ನಿನ್ನಿಂದಲೋ ನನ್ನಿಂದಲೋ, ವಿನೆಗರ್ ಅದನ್ನು ಹೇಳುವುದಿಲ್ಲ."
ದೀಪ ಎತ್ತಿಕೊಂಡು ನೀರಿಗಿಳಿದ.
ರಾತ್ರಿಯೆಲ್ಲ ಸರೋವರದ ತುಂಬ ಬೆಳಕಿನ ಚುಕ್ಕಿ.
ಅವನದು ಯಾವುದೆಂದು ಹುಡುಕಿ ಹುಡುಕಿ ಬಿಟ್ಟೆ.

ಗುರುವಾರ ಬಾಗಿಲು ತೆರೆದರೆ
ನಾದಿನಿ ಮೆಲಿಸೆ ನಿಂತಿದ್ದಾಳೆ,
ಒದ್ದೆ ಕಾಲು, ತಲೆಯ ಬುಟ್ಟಿ ಇನ್ನೂ ಇಳಿಸಿಲ್ಲ.
"ಅಣ್ಣ ದಂಡೆಗೆಲ್ಲ ಹೇಳಿಬಿಟ್ಟ" ಅಂದಳು.
ಮೈಯೆಲ್ಲ ಉರಿಯಿತು.
"ಹೇಳಿ, ಆಮೇಲೆ ನನಗೂ ಹೋಗು ಅಂದ."
ಎರಡಕ್ಕೂ ಒಟ್ಟಿಗೆ ಏನು ಮಾಡಬೇಕೋ ತಿಳಿಯದೆ
ಅವಳ ಬುಟ್ಟಿ ಇಸಿದುಕೊಂಡೆ.

ಬಾಟಲಿಯನ್ನು ಬೆಳಕಿಗೆ ಹಿಡಿದೆ: ತಳದಲ್ಲಿ ಅರ್ಧ ಬೆರಳು.
ಕೂತಿರು, ಕಲಿಂಡೆಯ ಅಂಗಡಿಗೆ ಹೋಗಿ ಬರುತ್ತೇನೆ.
ಇವತ್ತು ಕೇಳಲಿ ಅವನು.