ಇಲ್ಲಿ ಬೀಗ ಬೇಕಿಲ್ಲ

ಒಸ್ಟ್ರಾವಾದ ರಕ್ತನಿಧಿಯ ಯಂತ್ರ
ಹನ್ನೊಂದು ದಿನಕ್ಕೊಮ್ಮೆ, ನಸುಕಿನ ಮೂರರ ಸುಮಾರಿಗೆ,
ಹೇಳದೆ ಕೇಳದೆ ಬೀಳುತ್ತಿತ್ತು.
ಬಿದ್ದಲ್ಲಿ ಹುಡುಕಿದರೆ ಎಡವಿದ ಕಲ್ಲಿಲ್ಲ.

ಝ್ಡಿಸ್ಲಾವಾ ಪತ್ತೆಗೆಂದು ಒಂದು ಸಾಲು ಸೇರಿಸಿದಳು,
‘ಇಲ್ಲಿಗೆ ಬಂದೆ’ ಎಂದು ಬರೆದಿಡುವ ಸಾಲು, ಅಷ್ಟೇ.
ತಪ್ಪು ಮಾಯ.
ಸಾಲು ತೆಗೆದಳು. ತಪ್ಪು ಹಾಜರು.
ದೀಪ ಹಿಡಿದರೆ ಕಾಣದ, ಆರಿಸಿದರೆ ಕಾಲಿಗೆ ತೊಡರುವ ಇದಕ್ಕೆ
ಬರ್ನೊದ ಚಳಿಯಲ್ಲಿ ಮೂರು ವಾರ ಹೋಯಿತು,
ಎರಡು ಡಬ್ಬಿ ಕಾಫಿ,
ಹಲ್ಲಿನ ಡಾಕ್ಟರು ನನಗೆ ಕೊಟ್ಟ ಒಂದು ಮಂಗಳವಾರ.

‘ಬೊಹುಮಿಲ್, ನೋಡಿಲ್ಲಿ’ ಅಂದಳು ಒಂದು ಸಂಜೆ.
ಕಾಗದದ ಮೇಲೆ ಎರಡು ಕಾಲುದಾರಿ ಗೀಚಿದ್ದಳು.
ಡಿಸ್ಕಿಗೆ ಹೋದ ಕೋರಿಕೆ ತಡವಾಯಿತು.
ಮೂವತ್ತು ಸೆಕೆಂಡು ಕಾದ ಕಾವಲುಗಾರ
ಇದಿನ್ನು ಬಾರದೆಂದು ಎಳ್ಳುನೀರು ಬಿಡುತ್ತಾನೆ;
ಅದೇ ಗಳಿಗೆಗೆ ಡಿಸ್ಕಿನಿಂದ ಓಲೆಯವನು: ‘ಆಯಿತು, ಬರೆದೆ.’
ಇಬ್ಬರೂ ಅದೇ ಕೋರಿಕೆಯನ್ನು ಮುಗಿಸುತ್ತಾರೆ.
ಮೊದಲನೆಯವನು ಖಾಲಿ ಮಾಡಿದ ಕೋಣೆಗೆ
ಆಗಲೇ ಬೇರೆ ಒಕ್ಕಲು ಬಂದು ಹಾಸಿಗೆ ಬಿಚ್ಚಿರುತ್ತದೆ;
ಎರಡನೆಯವನು ಅವರ ಸಾಮಾನು ಬೀದಿಗೆ ಹಾಕುತ್ತಾನೆ.
ಕೆಟ್ಟವರು ಯಾರೂ ಇಲ್ಲ ಇದರಲ್ಲಿ.

ಎರಡರ ನಡುವೆ ಎಷ್ಟು ಹೊತ್ತು? ಕೇಳಿದೆ.
ಎವೆಯಿಕ್ಕುವುದನ್ನು ಲಕ್ಷ ಹೋಳು ಮಾಡಿ
ಅದರಲ್ಲೊಂದು ಹೋಳು, ಅಂದಳು.

ಆಮೇಲೆ ಆ ಸಾಲಿನ ಚರಿತ್ರೆ ತೆಗೆದಳು.
ಪಕ್ಕದಲ್ಲಿ ನನ್ನ ಹೆಸರು.
ಹತ್ತೊಂಬತ್ತು ವರ್ಷದ ಹಿಂದಿನ ಒಂದು ಗುರುವಾರ.
ಮೇಲೆ ಟಿಪ್ಪಣಿ, ಅದೂ ನನ್ನದೇ:
‘ಇಲ್ಲಿ ಬೀಗ ಬೇಕಿಲ್ಲ.’

ಆ ದಿನ ಏನುಂಡೆನೋ, ಹೊರಗೆ ಹಿಮವಿತ್ತೋ,
ಯಾವ ಧೈರ್ಯ ಆ ಪೂರ್ಣವಿರಾಮ ಇಟ್ಟಿತೋ
ಒಂದೂ ನೆನಪಿಲ್ಲ.
ಆಗ ಯಂತ್ರಕ್ಕೆ ಒಂದೇ ತಲೆಯಿತ್ತು ಎಂದು ವಾದಿಸಬಹುದಿತ್ತು.
ವಾದಿಸಲಿಲ್ಲ.
ಅವಳೂ ಏನೂ ಅನ್ನದೆ ಕೀಲಿಮಣೆ ನನ್ನತ್ತ ತಳ್ಳಿದಳು.

ತಿದ್ದಿದ್ದು ಮೂರು ಸಾಲು.
ಮುಗಿಸುವ ಮುನ್ನ ಗುರುತು ಹಾಕು;
ಗುರುತು ಆಗಲೇ ಬಿದ್ದಿದ್ದರೆ ಸುಮ್ಮನೆ ಹಿಂದೆ ಸರಿ.
ನೋಡುವುದು, ಹಾಕುವುದು ಒಂದೇ ಉಸಿರಲ್ಲಿ,
ನಡುವೆ ಇನ್ನೊಬ್ಬನಿಗೆ ಕಾಲಿಡಲು ಜಾಗವಿಲ್ಲದಂತೆ.

ಟಿಪ್ಪಣಿ ಅಳಿಸಲು ಹೋದೆ. ತಡೆದಳು.
‘ಬೀಗ ಈಗಲೂ ಬೇಕಿಲ್ಲವಲ್ಲ. ನೀನು ಬರೆದದ್ದು ನಿಜ,
ನಿಜ ಮಾಡುವ ಸಾಲು ಇರಲಿಲ್ಲ, ಅಷ್ಟೇ.’
ನಗಲಿಲ್ಲ ಅವಳು, ಅದಕ್ಕೇ ನಾನು ನಕ್ಕೆ.

ಇವತ್ತು ಹನ್ನೊಂದನೆಯ ದಿನ. ಮೂರು ಹತ್ತು.
ಕಿಟಕಿಯ ಕೆಳಗೆ ಟ್ರಾಮಿನ ಹಳಿ ಗುಡಿಸುವ ಗಾಡಿ ಹೋಯಿತು.
ಫೋನು ಮೇಜಿನ ಮೇಲಿದೆ, ಮುಖ ಮೇಲೆ.
ಏನೂ ಆಗಿಲ್ಲ.
ಏನೂ ಆಗದಿರುವುದನ್ನು
ಎಷ್ಟು ರಾತ್ರಿ ಕಂಡರೆ ನಂಬಬಹುದು?