ಮನಿ ತೋರಸೂದು

ಐತವಾರ ಹತ್ತರಿಂದ ಒಂದರ ತನಕ
ಅಶೋಕ ಚೌಕದ ಹಿಂದ ನಾ ಬಾಡಿಗಿ ಇದ್ದ ಮನಿ
ಸೊಲ್ಲಾಪುರಕ್ಕೆಲ್ಲಾ ತೆರದಿರತಿತ್ತು.
ದಲಾಲ ಬಂಡೆಪ್ಪ ಮೊದಲ ಹೇಳಿಟ್ಟಿದ್ದ:
ಕೇಳಿದ್ದಕ್ಕ ಅಷ್ಟ ಮಾತಾಡು. ಸೋರೂ ಮೂಲಿಗೆ ಕಪಾಟ ಸರಸು.

ಸರಸಿದ್ದೆ.

ಹೊಲಿಗಿ ಮಷಿನ್ ಮುಂದ ಕುಂತು, ಕಾಲು ತುಳಕೋತ
ಬಂದವರನ್ನ ನೋಡತಿದ್ದೆ, ಅವರು ಮನಿ ನೋಡೂವಾಗ.

ಮೈಂದರಗಿ ಕಡೆಯವರು ಹೊಸ್ತಿಲ ದಾಟೂಕಿಂತ ಮೊದಲ
ಕಟ್ಟಿ ಮ್ಯಾಲ ಕುಂತರು. ಮಾಲಕರದು ಯಾವ ಊರು, ಬೀಗರು ಯಾರು,
ಯಾಕ ಮಾರತಾರ, ಒಳಗ ಯಾರರ ಸತ್ತಾರೇನು?
ಒಂದ ತಾಸು ಹಿಂಗ. ಒಳಗ ಬಂದದ್ದು ಐದ ನಿಮಿಷ.
ಚಾ ಮುಟ್ಟಲಿಲ್ಲ. ಸಂಚಕಾರ ಕೊಡೂತನಕ
ಆ ಮನಿ ನೀರೂ ಕುಡಿಬಾರದಂತ.

ನಿಂಬಾಳಕರ ಕಾಕು ಸೀದಾ ಅಡಗಿಮನಿಗೆ ನುಗ್ಗಿ
ನಳ ತಿರುವಿದಳು. ಬರೇ ಗಾಳಿ ಉಸ್ ಅಂತು.
"ಪಾಣಿ ಕಿತಿ ದಿವಸಾಂನಿ?"
ನಾಕು, ಅಂದೆ. ಐದು ಅನ್ನಬೇಕಾಗಿತ್ತು.

ಪುಣೆಯಿಂದ ಬಂದ ಜೋಡಿ ಬೂಟು ಬಿಚ್ಚಲಿಲ್ಲ.
ಕೆಂಪು ದೀಪದ ಯಂತ್ರ ಹಿಡದು ಗ್ವಾಡಿಯಿಂದ ಗ್ವಾಡಿಗೆ ಅಳದರು.
ನಾ ದಾರ ತಗೊಳ್ಳಾಕ ಎದ್ದೆ, ಆ ಚುಕ್ಕಿ ನನ್ನ ಕುಬಸದ ಮ್ಯಾಲ ನಿಂತಿತು.
ಅದನ್ನ ಬರಕೊಂಡರು.
ನಡುಮನಿ ಅವರ ವಹಿಯಾಗ ಎರಡ ಫೂಟ ಸಣ್ಣದಾತು.

ಕಡೀಗೆ ಅಂಬಾದಾಸ ಬಂದ, ಮಗ್ಗದವ, ತಾಯಿನ್ನ ಕರಕೊಂಡು.
ಅವರು ಕಣ್ಣಿಲೆ ನೋಡಲೇ ಇಲ್ಲ.
ಹಿಮ್ಮಡಿಲೆ ನೆಲಾ ಕುಟ್ಟಿ, ಕಿವಿ ಕೊಟ್ಟು ನಿಂತರು,
ಮತ್ತೊಂದ ಹೆಜ್ಜಿ, ಮತ್ತ ಕುಟ್ಟಿದರು.
ಮಗ್ಗದ ಬಡಿತ ತಡೀತದೋ, ಬಾಜೂ ಮನಿ ಭಾಂಡೆ ಉರುಳತಾವೋ.
ಮುದುಕಿ ನನ್ನ ಮಷಿನ್ ಹತ್ತರ ಬಂದು ಬಗ್ಗಿದಳು.
ಶಹಾಬಾದ ಕಲ್ಲಿನಾಗ ಕಬ್ಬಿಣದ ಕಾಲು ಕೊರದ ನಾಕು ಕುಣಿ,
ಹನ್ನೊಂದ ವರ್ಷದ್ದು. ಬಟ್ಟ ಇಟ್ಟು ಆಳ ನೋಡಿದಳು.
ತೆಲುಗಿನಾಗ ಮಗಗ ಏನೋ ಅಂದಳು. ಅಂವ ಗೋಣ ಹಾಕಿದ.

ಕಪಾಟಿನ ಹಿಂದ ಸೋರತದವ್ವಾ, ಅಂದಬಿಟ್ಟೆ.
ಬಂಡೆಪ್ಪ ಕೆಮ್ಮಿದ.
"ಸೋರಲಿ," ಅಂದಳು ಮುದುಕಿ, ನನ್ನ ಮಾತಿನಾಗ,
"ಆ ಕಡೆ ನೂಲ ಇಡೂದಿಲ್ಲ."

ಹ್ವಾದ ವಾರ ವಿಜಾಪುರ ನಾಕಾದ ಆಚೆ
ಒಂದ ಖೋಲಿ ನೋಡಾಕ ಹೋಗಿದ್ದೆ.
ಮಾಲಕಿ ಕಿಡಕಿ ತೋರಸಿದಳು, ಹೊಸಾ ಬಣ್ಣ ತೋರಸಿದಳು.
ನಾ ನಳ ತಿರುವಿ ನೋಡಿ, ನಡುವ ಬಂದು ನಿಂತು
ಹಿಮ್ಮಡಿಲೆ ಒಮ್ಮೆ ಕುಟ್ಟಿದೆ.
"ನೀವು ಯಾವ ಕಡೆಯವರು?" ಅಂದಳು.
ತಡೀರಿ, ಅಂದೆ. ಮತ್ತೊಮ್ಮೆ ಕುಟ್ಟಿದೆ.