ಗಂಟು

ಕ್ಯಾಲೆಂಡರ್ ಹಿಂದ ಎರಡು ನಂಬರ್ ಬರದೀನಿ.
ಒಂದು, ತೇರದಾಳದ ದನದ ಡಾಕ್ಟರಂದು.
ಇನ್ನೊಂದು, ಕಬ್ಬಿನ ತ್ವಾಟಕ್ಕ ನಾಯಿ ಬೇಕಂದ ಮಲ್ಲೇಶಪ್ಪಂದು.

ಕರೆಂಟ್ ಹೋಗಿ ರಬಕವಿ ಮಗ್ಗೆಲ್ಲಾ ನಿಂತಾವ.
ನನ್ನ ಪಾದದ ಮ್ಯಾಲ ಗದ್ದ ಇಟ್ಟು
ಹಂಡ್ಯಾ ಮಲಗೈತಿ.
ಬಾಜೂಮನಿ ಪದಮಣ್ಣನ ಮಗಳ ಮೊಣಕೈಗೆ
ಏಳು ಹೊಲಿಗಿ ಹಾಕಿಸಿದ್ದು
ಇದs ಬಾಯಿ, ಇದs ಬಿಸಿ ಉಸರು.

ಮಲ್ಲೇಶಪ್ಪಗ ಫೋನ್ ಹಚ್ಚಿದೆ.
"ಕಚ್ಚೂದಿಲ್ಲಲ್ಲ? ಮನ್ಯಾಗ ಸಣ್ಣ ಹುಡುಗೂರು ಅದಾವ."

ಹರಿದ ಎಳಿಗೆ ಗಂಟು ಹಾಕಿ
ಗಂಟು ಕಾಣದಂಗ ಮಾಡೂದು ನನ್ನ ಕೈಕಸಬು.
ಸೀರಿಯೊಳಗ ನಡೀತೈತಿ ಅದು.

"ಕಚ್ಚತೈತ್ರಿ," ಅಂದೆ.
ಅಂವ ಫೋನ್ ಇಟ್ಟ.

ಕರೆಂಟ್ ಬಂತು. ಓಣಿ ತುಂಬ ಮಗ್ಗ
ಹೊಡಕೊಳ್ಳಾಕ ಹತ್ತಿದುವು.
ಏಳಬೇಕು. ಪಾದ ಎಳಕೋಬೇಕು.
ಹಂಡ್ಯಾ ಎಚ್ಚರಾದೀತು.